ಹಿಟ್ಟಿನ ಡಬ್ಬಿಯಲ್ಲಿ ನೀಲಿ ಚುಕ್ಕೆ

ಶಹಾಪುರದ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಶರಣಕುಮಾರನಿಗೆ ಹೆಂಡತಿಯ ಮೇಲೆ ಸಂಶಯವೇನೂ ಇರಲಿಲ್ಲ. ಇದ್ದದ್ದು ಚಪಲ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ; ಬಸವೇಶ್ವರಿ ಈಗ ಎಲ್ಲಿರಬಹುದು, ಏನು ಮಾಡುತ್ತಿರಬಹುದು ಎಂಬುದನ್ನು ಬಿಟ್ಟು ಅವನ ತಲೆಗೆ ಬೇರೇನೂ ಹೋಗುತ್ತಿರಲಿಲ್ಲ. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಕೈಯಲ್ಲಿ ವಿದ್ಯೆ ಇದ್ದವನಿಗೆ ನೆಟ್ಟಗಿನ ದಾರಿ ಕಾಣುವುದಿಲ್ಲವಲ್ಲ. ಅವಳ ಫೋನ್ ನಿಧಾನವಾಗಿದೆ, ಸರಿಮಾಡಿ ಕೊಡುತ್ತೇನೆಂದು ಇಸಿದುಕೊಂಡು, ಅವಳು ಎಲ್ಲಿದ್ದರೂ ತನಗೆ ತೋರಿಸುವ ಆ್ಯಪೊಂದನ್ನು ಸದ್ದಿಲ್ಲದೆ ಅದರೊಳಗೆ ಕೂರಿಸಿಬಿಟ್ಟ.

ಅಂದಿನಿಂದ ಗಿರಾಕಿಗಳ ಫೋನ್ ಬಿಚ್ಚಿಟ್ಟು, ನಕ್ಷೆಯ ಮೇಲಿನ ನೀಲಿ ಚುಕ್ಕೆ ನೋಡುತ್ತ ಕೂರುವುದೇ ಅವನ ಉದ್ಯೋಗವಾಯಿತು. ಚುಕ್ಕೆ ಸಂತೆಗೆ ಹೋದರೆ ಖುಷಿ, ಮನೆಗೆ ಮರಳಿದರೆ ಇನ್ನೂ ಖುಷಿ. ಕದ್ದ ಮಾಲು ಎಷ್ಟು ದಿನ ಅಡಗಿದ್ದೀತು? ಒಂದು ಸಂಜೆ ಸುರಪುರದಿಂದ ಬಂದ ಬಸವೇಶ್ವರಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಇವನ ನಾಲಿಗೆ ಜಾರಿತು.

“ಸುರಪುರ ಬಸ್‌ಸ್ಟ್ಯಾಂಡಿನ್ಯಾಗ ಅಷ್ಟೊತ್ತು ಯಾಕ ಕುಂತಿದ್ದಿ?”

“ಬಸ್ ತಪ್ಪಿತ್ರಿ,” ಎಂದವಳು ನಿಂತಲ್ಲೇ ನಿಂತಳು. “ನಾ ಇನ್ನಾ ಬಾಯಿನೇ ಬಿಚ್ಚಿಲ್ಲ. ನಿಮಗ ಯಾರು ಹೇಳಿದ್ರು?”

ಶರಣಕುಮಾರ ಗೋಡೆ ನೋಡಿದ. ಅವಳು ಅವನೇ ಸರಿಮಾಡಿ ಕೊಟ್ಟಿದ್ದ ತನ್ನ ಫೋನ್ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸುಮ್ಮನೆ ರೊಟ್ಟಿ ಬಡಿಯಲು ಹೋದಳು. ಆ ಸಂಜೆ ಅವಳ ರೊಟ್ಟಿಯ ಸದ್ದು ಓಣಿಗೆಲ್ಲ ಕೇಳಿಸಿತು.

ಮರುದಿನ ಚುಕ್ಕೆ ಮನೆ ಬಿಟ್ಟು ಅಲುಗಲಿಲ್ಲ. ಸಿಟ್ಟು ಇಳಿದಿರಬೇಕೆಂದುಕೊಂಡು, ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಅವ್ವ ಅನ್ನಮ್ಮ ಒಬ್ಬಳೇ ಕೂತಿದ್ದಳು.

“ಆಕಿ ಎಲ್ಲಿ?”

“ಮುಂಜಾನೇನೇ ಹುಣಸಗಿಗೆ ಹೋಗ್ಯಾಳ, ತವರಮನಿಗೆ. ನಾಳೆ ಬಸುರಿ ಅಕ್ಕನ ಕುಬಸದ ಕಾರ್ಯ ಅದಲ್ಲ. ಫೋನ್ ಜ್ವಾಳದ ಹಿಟ್ಟಿನ ಡಬ್ಬ್ಯಾಗ ಅದ. ಅದರ ಜೋಡಿನೇ ಸಂಸಾರ ಮಾಡ್ಕೊ ಅಂತ ಹೇಳ್ಯಾಳ.” ಅವ್ವ ಭಜಿಯ ಪೊಟ್ಟಣ ಇಸಿದುಕೊಂಡಳು. “ತಿರುಗಿ ಬರ್ತಾಳೋ ಇಲ್ಲೋ, ನಾ ಕೇಳಿಲ್ಲ. ನಾ ಆಗಿದ್ರ ಬರ್ತಿದ್ದಿಲ್ಲ.”

ಶರಣಕುಮಾರ ಡಬ್ಬಿಗೆ ಕೈಹಾಕಿ ಫೋನ್ ಹೊರತೆಗೆದ. ದಿನವಿಡೀ ಮನಸೋತು ನೋಡುತ್ತ ಕೂತದ್ದು ಜೋಳದ ಹಿಟ್ಟನ್ನು.

ಬೆಳಗಾದೊಡನೆ ಆ ಫೋನ್ ಹಿಡಿದು ಹುಣಸಗಿ ಬಸ್ ಹತ್ತಿದ. ಆ್ಯಪನ್ನು ದಾರಿಯಲ್ಲೇ ಕಿತ್ತುಹಾಕಿದ. ಅದು ಸುಲಭದ ಕೆಲಸ. ಅವಳ ಮುಂದೆ ನಿಂತು ಏನು ಹೇಳುವುದೆಂದು ಮಾತ್ರ ಊರು ಬಂದರೂ ಹೊಳೆಯಲಿಲ್ಲ.

ಮನೆಯಲ್ಲಿ ಕಾರ್ಯವಿದ್ದಾಗ ಅಳಿಯ ಬಂದರೆ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾರೆ. ಪ್ರಾಸ ಹೊಂದಿಸಿ ಒಡಪು ಕಟ್ಟಿ, ಅದರಲ್ಲಿ ಹೆಂಡತಿಯ ಹೆಸರು ಹೇಳಿದರೇನೇ ಒಳಗೆ. ಉಳಿದ ದಿನ ಗಂಡನ ಹೆಸರೆತ್ತದ ಹೆಂಡತಿಯೂ ಅಂದು ಒಡಪಿನಲ್ಲೇ ಹೆಸರು ಹೇಳಿ ಕರೆಯಬೇಕು. ಬಸವೇಶ್ವರಿಯ ಸಣ್ಣವ್ವ ಅಮೃತಮ್ಮ ಎರಡೂ ಕೈ ಚಾಚಿ ಬಾಗಿಲು ಕಟ್ಟಿದ್ದಳು. ಅವಳ ಹಿಂದೆ ಬಸವೇಶ್ವರಿ, ಮುಖ ಬಿಗಿದುಕೊಂಡು. ಅವಳೇನಾದರೂ ತಿರುಗಿ ಹೆಸರು ಹೇಳದೆ ಹೋದರೆ ಸಂಸಾರ ಅಲ್ಲಿಗೇ ಕೆಟ್ಟಿತೆಂದು ಶರಣಕುಮಾರನಿಗೆ ನಿಜವಾಗಿಯೂ ಭಯವಾಯಿತು.

“ಹೆಸರ ಹೇಳ್ರಿ ಅಳಿಯಾರ,” ಎಂದಳು ಅಮೃತಮ್ಮ.

ಮದುವೆಯಲ್ಲಿ ಗೆಳೆಯ ಬರೆದುಕೊಟ್ಟ ಒಡಪು ಒಪ್ಪಿಸಿದ್ದ. ಇಂದು ಅದು ಬಾಯಿಗೆ ಬರಲಿಲ್ಲ. ಬಂದದ್ದು ಇದು:

“ಶಹಾಪುರದಾಗ ಅಂಗಡಿ, ಅಂಗಡ್ಯಾಗ ಫೋನು,
ಕದ್ದು ನೋಡಿದ ಕಳ್ಳ ಬ್ಯಾರೆ ಯಾರಲ್ಲ, ನಾನು;
ಬಾಗಿಲಾಗ ನಿಂತೀನಿ, ಒಳಗ ಕರಿಯಬೇಕು ನೀನು, ಬಸವೇಶ್ವರಿ.”

ಹೆಂಗಸರು ಗೊಳ್ಳೆಂದು ನಕ್ಕರು. “ಏನ್ ಕದ್ದೀರಿ ಅಳಿಯಾರ?” ಎಂದಳು ಅಮೃತಮ್ಮ.

ನಕ್ಕು ತೇಲಿಸಿಬಿಡಬಹುದಿತ್ತು. ಶರಣಕುಮಾರ ತಲೆ ತಗ್ಗಿಸಿ, “ಆಕಿ ಎಲ್ಲೆಲ್ಲಿ ಹೋಗ್ತಾಳಂತ ಆಕಿಗಿ ಹೇಳಲಾರ್ದ ಫೋನಿನ್ಯಾಗ ನೋಡ್ತಿದ್ದೆ. ತಪ್ಪಾತು. ತಗದುಹಾಕೀನಿ,” ಎಂದ.

ನಗು ನಿಂತಿತು. ಎಲ್ಲರೂ ಬಸವೇಶ್ವರಿಯ ಕಡೆ ತಿರುಗಿದರು. ಅವಳು ಇವನನ್ನೇ ನೋಡುತ್ತ ಸೆರಗು ಸರಿಮಾಡಿಕೊಂಡಳು.

“ಎತ್ತಿಗೆ ಹಗ್ಗ ಬೇಕು, ಎಮ್ಮಿಗೆ ಗೂಟ ಬೇಕು,
ಹೆಂಡತಿಗ್ಯಾತರ ಕಾವಲ, ಬಾಯಿಬಿಟ್ಟು ಕೇಳಿದ್ರ ಸಾಕು;
ಕೇಳೋದು ಕಲತಿದ್ರ ಶರಣಕುಮಾರ ಅವರು ಒಳಗ ಬರಬೇಕು.”

ಅಮೃತಮ್ಮ ಕೈ ಇಳಿಸಿದಳು. ತನ್ನ ಹೆಸರು ಇಷ್ಟು ಚೆನ್ನಾಗಿದೆಯೆಂದು ಶರಣಕುಮಾರನಿಗೆ ಗೊತ್ತಾದದ್ದು ಅಂದೇ.