ಕೇಕಿನ ಓವನ್ನಿನಲ್ಲಿ ಕಾರಿನ ದೀಪ

ಚಂಪಾಬಾಯಿ ಕಾರು ಓಡಿಸಲು ಕಲಿತದ್ದು ಗಂಡ ಧನಪಾಲ ತೀರಿಕೊಂಡ ಮೇಲೆ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ. ಗಂಡನ ಹಳೆಯ ಬಿಳಿ ಕಾರು ಗಡಿಯಾಚೆ ಮಹಾರಾಷ್ಟ್ರದ ದತ್ತವಾಡದ ಮನೆಯ ಅಂಗಳದಲ್ಲಿ ಬಿಸಿಲುಂಡುಕೊಂಡು ನಿಂತಿತ್ತು. ಮಗ ಸೌರಭ ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರ ಮಾಡುವವನು, ಬೈಕಿನ ಮೇಲೆಯೇ ಹೋಗಿ ಬರುತ್ತಿದ್ದ. ಕಾರು ಬೇಕಾಗಿದ್ದದ್ದು ಸೊಸೆ ರುಪಾಲಿಗೆ. ಅವಳು ಮನೆಯಲ್ಲೇ ಮೊಟ್ಟೆ ಹಾಕದ ಕೇಕು ಮಾಡಿ ಸುತ್ತಲಿನ ಊರುಗಳಿಗೆ ಮಾರುತ್ತಿದ್ದಳು. ಬೈಕಿನ ಮೇಲೆ ಕಳಿಸಿದರೆ ಮೊದಲ ತಗ್ಗಿಗೇ ಕ್ರೀಮು ಡಬ್ಬಿಯ ಗೋಡೆಗೆ ಅಂಟಿಬಿಡುತ್ತಿತ್ತು. ಹೀಗೆ ಎರಡು ಮೂರು ಕೇಕು ಕೆಟ್ಟು ಸೊಸೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದನ್ನು ನೋಡಿ ಚಂಪಾಬಾಯಿ ಯಾರಿಗೂ ಹೇಳದೆ ಕುರುಂದವಾಡದ ಡ್ರೈವಿಂಗ್ ಕ್ಲಾಸಿಗೆ ಹೆಸರು ಕೊಟ್ಟು ಬಂದರು.

ಅಂದಿನಿಂದ ಕೇಕು ಮುಟ್ಟಿಸುವ ಕೆಲಸ ಅವರದಾಯಿತು. ಸೀಟಿನ ಮೇಲೆ ಕೌದಿ ಹಾಸಿ, ಅದರ ಮೇಲೆ ಡಬ್ಬಿ ಇಟ್ಟು, ಎತ್ತಿನ ಗಾಡಿಯಷ್ಟು ನಿಧಾನವಾಗಿ ಹೋಗುತ್ತಿದ್ದರು. ಬಸದಿಯಲ್ಲಿ ಯಾರಾದರೂ ನಕ್ಕರೆ, "ನಗ್ರಿ ನಗ್ರಿ, ನಿಮ್ಮ ಮೊಮ್ಮಗನ ಹುಟ್ಟಿದ ದಿನಕ್ಕ ಕೇಕ್ ತರಾಕಿ ನಾನ ಅದೀನಿ" ಅನ್ನುತ್ತಿದ್ದರು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಆದ್ದರಿಂದ ಬೆಳಕಿರುವಾಗಲೇ ಮನೆ ಸೇರುತ್ತಿದ್ದರು. ಕಾರಿಗೆ ಮುಂದೆ ಎರಡು ದೀಪಗಳಿವೆ ಎಂಬುದನ್ನೇ ಅವರು ಹೆಚ್ಚುಕಡಿಮೆ ಮರೆತಿದ್ದರು.

ಚಳಿಗಾಲದ ಒಂದು ದಿನ ಇಚಲಕರಂಜಿಯ ಗಿರಾಕಿಯೊಬ್ಬರ ಮನೆ ಹುಡುಕುವುದರಲ್ಲಿ ತಡವಾಯಿತು. ಕುರುಂದವಾಡಕ್ಕೆ ಒಯ್ಯಬೇಕಾದ ಕೇಕು ಇನ್ನೂ ಸೀಟಿನ ಮೇಲೇ ಇತ್ತು. ದಾರಿಯಲ್ಲೇ ಹೊತ್ತು ಮುಳುಗಿತು. ಎರಡೂ ಕಡೆ ಆಳೆತ್ತರದ ಕಬ್ಬು. ದೀಪ ಹಾಕಿದರೆ ಬಂದದ್ದು ಹರಳೆಣ್ಣೆಯ ಹಣತೆಯಂಥ ಹಳದಿ ಬೆಳಕು, ಅದೂ ಮೂಗಿನ ಮುಂದಷ್ಟೇ. ತಿರುವಿನಲ್ಲಿ ಏನೋ ಬೂದಿ ಬಣ್ಣದ್ದು ಕದಲಿದಂತಾಯಿತು. ಚಂಪಾಬಾಯಿ ಬ್ರೇಕನ್ನು ಒತ್ತಿ ಹಿಡಿದರು. ಕಾರು ನಿಂತಾಗ ಬಂಪರಿಗೆ ತಾಗಿಕೊಂಡೇ ಒಂದು ಕುರಿ ಮುಗ್ಗರಿಸಿ ಬಿದ್ದಿತ್ತು. ಅದರ ಹಿಂದೆ ರಸ್ತೆಯ ತುಂಬ ಹಿಂಡು.

ಕುರಿಯವನು ಕಂಬಳಿ ಸರಿಸಿ ಬಾಗಿ ನೋಡಿದ. ಕುರಿ ಎದ್ದು, ಮೈ ಕೊಡವಿ, ಹಿಂಡಿನೊಳಗೆ ಸೇರಿಕೊಂಡಿತು. ಕುರಿಯವನ ಹೆಸರು ಲಗಮಣ್ಣ. ಬೈಯುತ್ತಾನೆಂದು ಚಂಪಾಬಾಯಿ ಕಾದರು, ಅವನು ಬೈಯಲಿಲ್ಲ.

"ಏನೂ ಆಗಿಲ್ಲ ಬಿಡ್ರಿ ಅವ್ವಾರ. ಒಂದೀಟು ನೀರು ಕುಡೀರಿ" ಎಂದು ತನ್ನ ಬಾಟಲಿ ಚಾಚಿದ. ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ ಚಂಪಾಬಾಯಿ ಕೈಮುಗಿದು ಬೇಡವೆಂದರು. ಹಿಂಡು ದಾಟುವವರೆಗೂ ಅವನು ಕಾರಿನ ಪಕ್ಕದಲ್ಲೇ ನಿಂತಿದ್ದ.

ಕುರುಂದವಾಡದ ಕೇಕು ಹೇಗೋ ಮುಟ್ಟಿಸಿ ಮನೆಗೆ ಬಂದವರು ಕೀಲಿಯನ್ನು ಸೌರಭನ ಕೈಗಿಟ್ಟರು. "ನನ್ನ ಕಣ್ಣು ಹೋಗ್ಯಾವಪಾ. ಇನ್ನ ಈ ಗಾಡಿ ನನಗ ಬ್ಯಾಡ."

"ಅಸೂ ದೇ ಆಯಿ, ಇರಲಿ ಬಿಡು, ಮಾರಿಬಿಡೂನು" ಎಂದ ಸೌರಭ. ತಾಯಿ ರಸ್ತೆಗಿಳಿದಾಗಲೆಲ್ಲ ಅವನ ಜೀವ ಅಂಗೈಯಲ್ಲಿರುತ್ತಿತ್ತು. ಈ ಮಾತು ಅವನಿಗೆ ಒಳಗೊಳಗೇ ಸಮಾಧಾನ ತಂದಿತು.

ರುಪಾಲಿ ದೂರದ ಆರ್ಡರುಗಳನ್ನು ಒಂದೊಂದಾಗಿ ಫೋನಿನಲ್ಲೇ ಬೇಡವೆನ್ನತೊಡಗಿದಳು. ಅತ್ತೆಗೆ ಕೇಳಿಸಬಾರದೆಂದು ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದಳು, ಆದರೂ ಚಂಪಾಬಾಯಿಗೆ ಕೇಳಿಸುತ್ತಿತ್ತು. ಅವರೋ ಯಾರೂ ಇಲ್ಲದಾಗ ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ತಿಥಿ ಓದಿ ನೋಡುತ್ತಿದ್ದರು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ಸಣ್ಣ ಅಕ್ಷರವೂ ಕಾಣುತ್ತಿತ್ತು. ಅದರಿಂದ ಧೈರ್ಯವೇನೂ ಬರಲಿಲ್ಲ. ಕ್ಯಾಲೆಂಡರಿನ ಹಿಂದಿನಿಂದ ಕುರಿ ಬರುವುದಿಲ್ಲವಲ್ಲ ಅಂದುಕೊಂಡರು.

ಹೀಗೆ ಅವರು ಒಂದು ಕಣ್ಣು ಮುಚ್ಚಿ ನಿಂತದ್ದನ್ನು ಒಮ್ಮೆ ರುಪಾಲಿ ಬಾಗಿಲಿನಿಂದಲೇ ಕಂಡಳು. ಅಂದು ಮುಸ್ಸಂಜೆ ಕೀಲಿ ತೆಗೆದುಕೊಂಡು ಹೋಗಿ ಕಾರಿನೊಳಗೆ ಕೂತಳು. ಅವಳಿಗೆ ಓಡಿಸಲು ಬರುತ್ತಿರಲಿಲ್ಲ. ದೀಪ ಹಾಕಿ ಸುಮ್ಮನೆ ಮುಂದೆ ನೋಡಿದಳು.

"ಅತ್ತ್ಯಾರ, ಒಂಚೂರು ಇಲ್ಲಿ ಬರ್ರಿ" ಎಂದು ಕರೆದಳು. "ಆ ಗ್ವಾಡಿ ಮುಂದ ಏನ್ ಐತಿ, ನನಗೂ ಕಾಣವಲ್ದು. ನನ್ನ ಕಣ್ಣೂ ಹೋಗ್ಯಾವೇನು ಹಂಗಾರ?"

ಚಂಪಾಬಾಯಿ ಇಣುಕಿದರು. ಗೋಡೆಗೆ ಒರಗಿಸಿದ್ದ ಸೈಕಲ್ಲು ಇಬ್ಬರಿಗೂ ಕಾಣಲಿಲ್ಲ. ಚಂಪಾಬಾಯಿ ಹೋಗಿ ದೀಪದ ಮುಂದೆ ಕೂತು ನೋಡಿದರು. ಬಿಸಿಲಿಗೆ ಅದರ ಪ್ಲಾಸ್ಟಿಕ್ಕಿನ ಗಾಜು ಹಳದಿಗಟ್ಟಿ ಒರಟಾಗಿತ್ತು. ಒಳಗೆ ಮಂಜು, ತಳದಲ್ಲಿ ಒಂದು ಚಮಚೆಯಷ್ಟು ನೀರು. ಅವರು ಗಾಜಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಹುಚ್ಚಿ ನಾನು" ಎಂದು ಮೆಲ್ಲಗೆ ನಕ್ಕರು.

ರುಪಾಲಿಯ ತಮ್ಮ ಪ್ರತೀಕನಿಗೆ ಗಡಹಿಂಗ್ಲಜದಲ್ಲಿ ಕಾರಿನ ಸಾಮಾನಿನ ಅಂಗಡಿಯಿತ್ತು. ಅವನು ಫೋನಿನಲ್ಲಿ ಹೇಳಿದ: "ಹೊರಗಿನ ಹಳದಿ ತಿಕ್ಕಿದ್ರ ಹೋಗತೈತಿ ಅಕ್ಕಾ. ಒಳಗಿನ ನೀರಿಗೆ ಮಾತ್ರ ಲೈಟ್ ಬಿಚ್ಚಬೇಕು. ಗಾಜು ಹಿಂದಿನ ಡಬ್ಬಿಗೆ ಅಂಟಿರತೈತಿ, ಬಿಸಿ ಮಾಡಿದ್ರ ಅಂಟು ಮೆತ್ತಗ ಆಕ್ಕೈತಿ. ನಿನ್ನ ಕಡೆ ದೊಡ್ಡ ಓವನ್ ಐತೆಲಾ."

"ತಿನ್ನೂ ವಸ್ತು ಬೇಯಿಸೂದರಾಗ ಗಾಡಿ ಲೈಟ್ ಇಡ್ತಿಯೇನ?" ಎಂದು ಚಂಪಾಬಾಯಿ ಕೇಳಿದರು.

"ಕೇಕ್ ಒಯ್ಯೂ ಗಾಡೀನ ಐತೆಲ್ರಿ ಅತ್ತ್ಯಾರ. ಆಮ್ಯಾಲೆ ನಾನು ತೊಳದು, ಬರಿ ಓವನ್ ಚಲೋತ್ನಾಗಿ ಕಾಸ್ತೇನಿ."

ಅಂಗಳದಲ್ಲಿ ಚಾಪೆ ಹಾಸಿ ಇಬ್ಬರೂ ಕೂತರು. ಬಂಪರು ಬಿಚ್ಚಿಕೊಟ್ಟವನು ಸೌರಭ, ಬಿಚ್ಚುವಷ್ಟು ಹೊತ್ತೂ ಗೊಣಗಿದ. ಬಲ್ಬು, ಸ್ಕ್ರೂ, ರಬ್ಬರಿನ ಮುಚ್ಚಳ ತೆಗೆದು ಒಂದೊಂದೇ ದೀಪವನ್ನು ಮರದ ಹಲಗೆಯ ಮೇಲಿಟ್ಟು ಸಣ್ಣ ಉರಿಯ ಓವನ್ನಿಗೆ ತಳ್ಳಿದರು. ಕೇಕಿಗಿಂತ ಕಡಿಮೆ ಕಾವು, ಕೇಕಿಗಿಂತ ಕಡಿಮೆ ಹೊತ್ತು. ವೆನಿಲ್ಲಾದ ವಾಸನೆಯ ಜಾಗದಲ್ಲಿ ಡಾಂಬರಿನ ವಾಸನೆ ಎದ್ದಿತು. ಅಂಟು ಎಳೆಎಳೆಯಾಗಿ ಬಿಟ್ಟು ಗಾಜು ಕಳಚಿ ಬಂತು. ಒಳಗಿನ ಬೆಳ್ಳಿಯಂಥ ಬಟ್ಟಲನ್ನು ಚಂಪಾಬಾಯಿ ಸೆರಗಿನಿಂದ ಒರೆಸಲು ಹೋದರು, ರುಪಾಲಿ ಕೈ ಹಿಡಿದು ತಡೆದಳು. ಅದನ್ನು ಮುಟ್ಟಿದರೆ ಹೊಳಪು ಕಿತ್ತುಬರುತ್ತದೆ ಎಂದು ತಮ್ಮ ಎಚ್ಚರಿಸಿದ್ದ.

ಗಾಜನ್ನು ಸೋಪಿನ ನೀರಲ್ಲಿ ತೊಳೆದು, ಹೊರಮೈಯನ್ನು ನೀರು ಹಾಕುತ್ತ ಒರಟು ಮರಳುಕಾಗದದಿಂದ, ಆಮೇಲೆ ನುಣುಪು ಮರಳುಕಾಗದದಿಂದ ತಿಕ್ಕಿದರು. ಕೆಳಗೆ ಹಾಲಿನಂಥ ನೀರು ಇಳಿಯಿತು. ಬಿಸಿಲು ತಡೆಯುವ ಲೇಪ ಬಳಿದು ಒಣಗಿಸಿದಾಗ ಗಾಜು ಹೊಸದರಂತೆ ಕಂಡಿತು. ಹಳೆಯ ಅಂಟು ಇನ್ನೂ ಸಾಕಷ್ಟಿದೆಯೆಂದು ಅದನ್ನೇ ಮತ್ತೆ ಕಾಸಿ ಜೋಡಿಸಿಬಿಟ್ಟರು. ಇಬ್ಬರಿಗೂ ಅವಸರವಾಗಿತ್ತು.

ಮರುದಿನ ಚಂಪಾಬಾಯಿ ಖುಷಿಯಿಂದ ಕಾರಿಗೆ ಪೈಪು ಹಿಡಿದು ತೊಳೆದರು. ಅದರ ಮರುದಿನ ಬೆಳಗ್ಗೆ ಬಲಗಡೆಯ ದೀಪದೊಳಗೆ ಆವಿ ಕೂತಿತ್ತು.

ಸೌರಭ ಅದನ್ನು ನೋಡಿದ. "ಆಯಿ, ಈಗರ ಬಿಡು. ಕೇಕ್ ಒಯ್ಯಾಕ ಡ್ರೈವರ್ ಇಡೂನು."

"ಡ್ರೈವರ್ ಕೌದಿ ಹಾಸ್ತಾನೇನು?" ಎಂದರು ಚಂಪಾಬಾಯಿ. ಆಮೇಲೆ, "ನೀ ಅಂಜತಿ ಅಂತ ನನಗ ಗೊತ್ತೈತಿ ಸೌರಭ. ನಾನೂ ಅಂಜೇನಿ. ಖರೆ, ಕಾಣದೆ ಅಂಜೂದು ಬ್ಯಾರೆ, ಕಂಡು ಅಂಜೂದು ಬ್ಯಾರೆ" ಎಂದರು. ಸೌರಭ ಅಂಗಿಯ ತೋಳು ಮಡಚಿ ಮತ್ತೆ ಬಂಪರು ಬಿಚ್ಚಲು ಕೂತ.

ಹೊಸ ಅಂಟಿನ ಸುರುಳಿಯನ್ನು ಪ್ರತೀಕ ಎಸ್‌ಟಿ ಬಸ್ಸಿನಲ್ಲಿ ಕಳಿಸಿದ. ಈ ಸಲ ಅವಸರ ಮಾಡಲಿಲ್ಲ. ಎರಡೂ ದೀಪ ಬಿಚ್ಚಿ, ಹಳೆಯ ಅಂಟನ್ನು ಗಾಜು ಕೂರುವ ಅಂಚಿನ ಕಾಲುವೆಯ ಮೂಲೆಮೂಲೆಯಿಂದ ಕೆರೆದು ತೆಗೆದರು. ಹೊಸ ಅಂಟಿನ ಎಳೆಯನ್ನು ಚಂಪಾಬಾಯಿ ತಾವೇ ಕೂಡಿಸಿದರು, ಕರಚಿಕಾಯಿಯ ಅಂಚು ಒತ್ತಿದಂತೆ, ಎಲ್ಲೂ ಸಂದು ಬಿಡದೆ, ಕೊನೆಯ ತುದಿಯನ್ನು ಮೊದಲ ತುದಿಯ ಮೇಲೇರಿಸಿ. ಮತ್ತೆ ಕಾವು ಕೊಟ್ಟು, ಗಾಜನ್ನು ಒತ್ತಿ, ಆರುವವರೆಗೂ ಬಟ್ಟೆ ಒಣಗಿಸುವ ಚಿಮಟಿಗಳನ್ನು ಸುತ್ತ ಹಾಕಿದರು. ಚಿಮಟಿ ನಿಲ್ಲದ ಕಡೆ ರುಪಾಲಿ ಕೈಯಿಂದಲೇ ಒತ್ತಿ ಹಿಡಿದು ಕೂತಳು. ಆಮೇಲೆ ದೀಪಗಳ ಮೇಲೆ ಚೊಂಬುಗಟ್ಟಲೆ ನೀರು ಸುರಿದು ಒಂದು ದಿನ ಬಿಟ್ಟು ನೋಡಿದರು. ಒಳಗೆ ಹನಿಯೂ ಇರಲಿಲ್ಲ. ಸಂಜೆ ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ ಸೌರಭ ಎರಡೂ ಬೆಳಕನ್ನು ಒಂದೇ ಎತ್ತರಕ್ಕೆ ಕೂಡಿಸಿದ. ಎದುರಿನವರ ಕಣ್ಣಿಗೆ ಹೊಡೆಯದಂತೆ ತುಸು ಕೆಳಗೆ ಇಳಿಸಿದ. ಕೀಲಿಯನ್ನು ತಾನೇ ತಾಯಿಯ ಕೈಗೆ ಕೊಟ್ಟ.

ಮುಂದಿನ ವಾರ ಪ್ರತೀಕನ ಮಗಳ ಹೆಸರಿಡುವ ಸಮಾರಂಭ. ಮೂರು ಅಂತಸ್ತಿನ ಕೇಕು. ಅತ್ತೆ ಸೊಸೆ ಇಬ್ಬರೇ ಅದನ್ನು ಗಡಹಿಂಗ್ಲಜಕ್ಕೆ ಒಯ್ದರು. ಅಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದರು. "ಇಲ್ಲೇ ಇದ್ದು ನಾಳೆ ಹೋಗ್ರಿ" ಎಂದು ಬೀಗರು ಬಹಳ ಹೇಳಿದರು. ಸೊಸೆ ಕುಂಕುಮ ಹಚ್ಚಿಸಿಕೊಂಡ ಕೂಡಲೇ ಚಂಪಾಬಾಯಿ ಎದ್ದರು.

ದಾರಿಯಲ್ಲಿ ಕತ್ತಲಾಯಿತು. ದೀಪ ಹಾಕಿದರು. ರಸ್ತೆಯ ಅಂಚಿನ ಬಿಳಿ ಪಟ್ಟಿ, ಮೈಲುಗಲ್ಲಿನ ಅಕ್ಷರ, ಕಬ್ಬಿನ ಗರಿಯ ಅಲುಗು, ಎಲ್ಲ ಬೇರೆಬೇರೆಯಾಗಿ ಕಂಡವು. ಆದರೂ ಮೊದಲ ಒಂದೆರಡು ಊರು ದಾಟುವವರೆಗೂ ಅವರು ಪ್ರತಿ ತಿರುವಿನಲ್ಲೂ ಬ್ರೇಕಿನ ಮೇಲೆ ಕಾಲಿಟ್ಟರು. ಎದುರಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರು ಬಂದಾಗ ದೀಪ ತಗ್ಗಿಸಿ, ಬದಿಗೆ ನಿಲ್ಲಿಸಿ, ಅದನ್ನು ಹೋಗಗೊಟ್ಟು ಮತ್ತೆ ಹೊರಟರು.

"ನೀನೂ ಕಲಿಬೇಕ ನೋಡು ರುಪಾಲಿ. ಕಲಿಸ್ತೇನಿ ನಾನು" ಎಂದರು.

ತಿರುಗಿ ನೋಡಿದರೆ, ಎರಡು ದಿನದಿಂದ ಕೇಕಿನ ಮುಂದೆ ನಿಂತು ದಣಿದಿದ್ದ ಹುಡುಗಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ಚಂಪಾಬಾಯಿ ಅವಳನ್ನು ಎಬ್ಬಿಸಲಿಲ್ಲ. ತಗ್ಗು ಬಂದಲ್ಲಿ, ಕೇಕು ಇದ್ದಾಗ ಹೋಗುತ್ತಿದ್ದಷ್ಟೇ ನಿಧಾನವಾಗಿ ಇಳಿಸಿ ಹತ್ತಿಸುತ್ತ, ದತ್ತವಾಡದ ಕಡೆಗೆ ನಡೆದರು.