ಅಂಗಾತ ಬಿದ್ದ ಜೇಡ

ನಂದಕುಮಾರ್ ಗಾಜಿನ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಗಂಡನ ಹೆಣದ ಪಕ್ಕ ಕೂತಿದ್ದ ಶಶಿರೇಖಾ ಧಡಕ್ಕನೆ ಎದ್ದು ಬಂದು ಮೈದುನನ ಮಣಿಕಟ್ಟು ಹಿಡಿದಳು.

"ಬಿಡಿ ಅತ್ತಿಗೆ. ಪಾಪ, ಅದೂ ಹೋಗ್ಬಿಟ್ಟಿದೆ."

ಪೆಟ್ಟಿಗೆಯೊಳಗೆ ಅಂಗೈಯಗಲದ ಟರಂಟುಲಾ ಜೇಡ ಎಂಟೂ ಕಾಲು ಮೇಲೆ ಮಾಡಿ ಅಂಗಾತ ಬಿದ್ದಿತ್ತು. ಅಲ್ಲಾಳಸಂದ್ರದ ಆ ಪುಟ್ಟ ಮನೆಯಲ್ಲಿ ನೆರೆದಿದ್ದವರೆಲ್ಲ ಸುಬ್ರಮಣಿಯ ಹೆಣ ಬಿಟ್ಟು ಪೆಟ್ಟಿಗೆಗೆ ಮುತ್ತಿಕೊಂಡರು.

"ನೋಡ್ರವ್ವ, ಸಾಕ್ದೋನು ಓದ ಅಂತ ಪ್ರಾಣಾನೇ ಬಿಟ್ಟದೆ. ನಿಯತ್ತು ಅಂದ್ರೆ ಇಂಗಿರ್ಬೇಕು," ಎಂದು ಸುಬ್ರಮಣಿಯ ಸೋದರತ್ತೆ ಗೋಪಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿ, ಎಲ್ಲರಿಗೂ ಕೇಳುವಷ್ಟೇ ತಗ್ಗಿಸಿ, "ಕಟ್ಕೊಂಡೋಳ ಕಣ್ಣಾಗೆ ಒಂದು ಅನಿ ನೀರಿಲ್ಲ" ಎಂದಳು.

ಶಶಿರೇಖಾಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಆಸ್ಪತ್ರೆಯಲ್ಲಿ ವಾರಗಟ್ಟಲೆ ಗಂಡನ ಹೇಲುಚ್ಚೆ ಬಳಿದದ್ದು ಅವಳು. ಆಗ ಒಂದು ನರಪಿಳ್ಳೆಯೂ ಅತ್ತ ತಲೆ ಹಾಕಿರಲಿಲ್ಲ. ಅಣ್ಣನಿಗೆ ತಲೆ ಕೆಟ್ಟಿದೆ, ಮನೆಯಲ್ಲಿ ಜೇಡ ಸಾಕಿದ್ದಾನೆ ಎಂದು ಊರೆಲ್ಲ ಟಾಂಟಾಂ ಹೊಡೆದವನು ಇದೇ ನಂದಕುಮಾರ್.

"ಅಣ್ಣನ ಜೊತೇಲೇ ಗುಂಡಿಗೆ ಇಡೋಣ ಅತ್ತಿಗೆ. ಪ್ರೀತಿಯ ವಸ್ತು ಜೊತೆಗೆ ಕಳ್ಸೋದು ನಮ್ಮ ಪದ್ಧತಿ ಅಲ್ವಾ? ತಾತಂಗೆ ಬೀಡಿಕಟ್ಟು ಇಟ್ಟಿರ್ಲಿಲ್ವಾ?"

* * *

ಸುಬ್ರಮಣಿ ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ಸಹಕಾರನಗರದ ಒಂದು ಮನೆಯವರು ಮಗಳಿಗೆಂದು ಈ ಜೇಡ ತಂದು, ಆಡುವುದಿಲ್ಲ, ಕರೆದರೆ ಬರುವುದಿಲ್ಲ ಎಂದು ಬೇಸತ್ತು ಕೆರೆಗೆ ಎಸೆಯಲು ಹೊರಟಿದ್ದರು. ಅವನು ಪೆಟ್ಟಿಗೆ ಸಮೇತ ಮನೆಗೆ ತಂದ.

"ಏನ್ ಮಾಡುತ್ತೆ ಇದು?" ಎಂದು ಶಶಿರೇಖಾ ಸಿಡುಕಿದ್ದಳು.

"ಏನೂ ಮಾಡಲ್ಲ ಕಣೇ. ಕೂತಿರುತ್ತೆ. ವಾರಕ್ಕೊಂದು ಮಿಡತೆ ತಿನ್ನುತ್ತೆ. ನನ್ನ ಗುರುತೂ ಹಿಡಿಯಲ್ಲ. ಅದರತ್ರ ಪ್ರೀತಿ ಗೀತಿ ಕೇಳಿದ್ರೆ ತಪ್ಪು ನಮ್ದು."

ಹೋದ ವರ್ಷ ಅದು ಹೀಗೇ ಅಂಗಾತ ಬಿದ್ದಾಗ, ಸತ್ತಿತೆಂದು ಅವಳು ಪೊರಕೆ ತಂದಿದ್ದಳು. "ಮುಟ್ಬೇಡ! ಪೊರೆ ಬಿಡ್ತಿದೆ. ಈಗ ಕೆದಕಿದ್ರೆ ನಿಜವಾಗ್ಲೂ ಸಾಯುತ್ತೆ," ಎಂದು ಸುಬ್ರಮಣಿ ಅವಳ ಕೈ ಹಿಡಿದಿದ್ದ. ಸಂಜೆಯವರೆಗೂ ಇಬ್ಬರೂ ಟೀ ಕುಡಿಯುತ್ತ ನೋಡುತ್ತ ಕೂತರು. ಮದುವೆಯಾದ ಮೇಲೆ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು. ಕಳಚಿದ ಪೊರೆ ಕಾಲು, ರೋಮ ಸಮೇತ ಥೇಟ್ ಇನ್ನೊಂದು ಜೇಡದ ಹಾಗೇ ಇತ್ತು. ಅದನ್ನವನು ಹಳೆಯ ಕನ್ನಡಕದ ಡಬ್ಬಿಯಲ್ಲಿ ಎತ್ತಿಟ್ಟಿದ್ದ.

* * *

"ಸತ್ತಿಲ್ಲ. ಪೊರೆ ಬಿಡ್ತಿದೆ," ಎಂದಳು ಶಶಿರೇಖಾ.

"ಗಂಡನೇ ಓದ್ಮೇಲೆ ಉಳದ ಮೇಲೆ ಯಾಕವ್ವ ಆಸೆ? ಕೊಟ್ಬುಡು," ಎಂದಳು ಗೋಪಾಲಮ್ಮ. ನಂದಕುಮಾರ್ ಮತ್ತೆ ಕೈ ಚಾಚಿದ.

ಇವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. "ಸರಿ, ನಾನೇ ತೆಕ್ಕೊಡ್ತೀನಿ. ಯಾರೂ ಮುಟ್ಬೇಡಿ," ಎಂದು ಅವಳು ಪೆಟ್ಟಿಗೆಯನ್ನು ಅಲುಗದಂತೆ ಎತ್ತಿಕೊಂಡು ಒಳಕೋಣೆಗೆ ಹೋದಳು. ಬಾಗಿಲು ಹಾಕಿ, ಕನ್ನಡಕದ ಡಬ್ಬಿ ತೆರೆದಳು. ಹಳೆಯ ಪೊರೆಯನ್ನು ಗಂಡನ ಕರ್ಚೀಫಿನ ಮೇಲಿಟ್ಟು ತಂದುಕೊಟ್ಟಳು.

ನಂದಕುಮಾರ್ ಎರಡೂ ಕೈಯಲ್ಲಿ ಇಸಿದುಕೊಂಡು ಗೊಳೋ ಎಂದ. "ಎಷ್ಟು ಹಗುರ ಆಗಿದೆ ನೋಡ್ರೋ! ಕೊರಗಿ ಕೊರಗಿ ಊಟಾನೇ ಬಿಟ್ಟಿತ್ತೇನೋ!"

ಹೌದಪ್ಪ, ಹಗುರ, ನಿನ್ನ ದುಃಖದಷ್ಟೇ ಹಗುರ, ಎಂದುಕೊಂಡಳು ಶಶಿರೇಖಾ.

ಗಂಡಸರು ಹೆಣ ಎತ್ತಿಕೊಂಡು ಹೋದರು. ಮನೆ ತೊಳೆದದ್ದಾಯಿತು. ಮಣ್ಣು ಮಾಡಿ ಬಂದವರು ದೀಪ ನೋಡಿಯೇ ಮನೆಗೆ ಹೋಗಬೇಕು. ಗಂಡನ ತಲೆಯಿದ್ದ ಜಾಗದಲ್ಲಿ ಅವಳು ದೀಪ ಹಚ್ಚಿದಳು. ಒಳಗಿನಿಂದ ಪೆಟ್ಟಿಗೆ ತಂದು ಅದರ ಹಿಂದೆಯೇ ಇಟ್ಟಳು.

ಎಲ್ಲರಿಗಿಂತ ಮೊದಲು ನಂದಕುಮಾರ್ ಕಾಲು ತೊಳೆದು ಬಂದ. "ಅಣ್ಣನ ಎದೆ ಮೇಲೇ ಇಟ್ಟೆ ಅತ್ತಿಗೆ," ಎಂದು ಬಿಕ್ಕುತ್ತ ದೀಪದ ಮುಂದೆ ಕೈಮುಗಿದು ಬಗ್ಗಿದ. ದೀಪದ ಹಿಂದಿನ ಪೆಟ್ಟಿಗೆ ಕಂಡವನೇ ಎರಡು ಹೆಜ್ಜೆ ಹಿಂದೆ ಸರಿದ.

"ದೀಪ ನೋಡಿದ್ರಲ್ಲ, ಹೊರಡಿ," ಎಂದಳು ಶಶಿರೇಖಾ.

ಗಾಜಿನಾಚೆ, ಈಗಷ್ಟೇ ಕಳಚಿದ ಪೊರೆಯ ಪಕ್ಕದಲ್ಲಿ, ಹೊಸ ಮೈಯ ಜೇಡ ಎಂಟು ಕಾಲೂರಿ ನಿಂತಿತ್ತು. ಅದು ಒಂದೊಂದೇ ಕಾಲೆತ್ತಿ ತಿರುಗಿ, ಅವನಿಗೂ ಅವಳಿಗೂ ಬೆನ್ನು ಹಾಕಿ ಕೂತಿತು.