ತಾಯಿಗಲ್ಲು

ನಮ್ಮ ಬೆಟ್ಟದ ದೇವರಿಗೆ ಎಡಹೆಗಲು ಸ್ವಲ್ಪ ಕೆಳಗೆ. ಶಿಲ್ಪಿಯ ಕೈತಪ್ಪಲ್ಲ, ತಾಯಿಯನ್ನು ಹೊತ್ತು ಜಗ್ಗಿದ ಹೆಗಲು ಅದು ಎನ್ನುತ್ತಾರೆ. ಮಗ ಬೆಟ್ಟದ ತುದಿಯಲ್ಲಿ ನೆಲೆ ನಿಲ್ಲಲು ಹೊರಟಾಗ ಮುದಿತಾಯಿ ನಾನೂ ಬರುತ್ತೇನೆ ಎಂದಳಂತೆ. ಹೆಗಲ ಮೇಲೆ ಕೂರಿಸಿಕೊಂಡು ಹತ್ತಿದ. ಅರ್ಧ ದಾರಿಯಲ್ಲಿ ಸುಸ್ತಾಗಿ, ಉಸಿರು ತೆಗೆದುಕೊಳ್ಳಲೆಂದು ಕೆಳಗಿಳಿಸಿದ. ಇಳಿಸಿದ್ದೇ ತಡ, ಅವಳು ಕಲ್ಲಾದಳು. ಎಷ್ಟು ಎತ್ತಿದರೂ ಏಳಲಿಲ್ಲ. ಮಗ ಒಬ್ಬನೇ ಮೇಲೆ ಹೋಗಿ ನಿಂತ.

ಅರ್ಚಕರು ಇದಕ್ಕೆ ದೊಡ್ಡ ಅರ್ಥ ಹೇಳುತ್ತಾರೆ. ತಾಯಿಯೆಂದರೆ ಮಮತೆಯಂತೆ, ಮಮತೆಯನ್ನು ನಡುದಾರಿಯಲ್ಲೇ ಇಳಿಸಿದವನಿಗೆ ಮಾತ್ರ ಶಿಖರವಂತೆ. ಹೇಳಲಿ ಪಾಪ, ಅವರು ದಿನಾ ಮೇಲೆ ಹೋಗುವುದು ನಮ್ಮ ಡೋಲಿಯಲ್ಲಿ ಕುಳಿತೇ. ಡೋಲಿ ಹೊರುವ ನಮಗೆ ಆ ಕಥೆಯಿಂದ ಸಿಕ್ಕಿದ್ದು ಒಂದು ಕಟ್ಟುನಿಟ್ಟು: ತಾಯಿಗಲ್ಲು ದಾಟಿದ ಮೇಲೆ ತುದಿ ಮುಟ್ಟುವ ತನಕ ಡೋಲಿ ನೆಲಕ್ಕೆ ತಾಗಬಾರದು. ತಾಗಿದರೆ ಕುಳಿತವರು ಮತ್ತೆ ಏಳುವುದಿಲ್ಲ. ಸುಸ್ತಾದರೆ ನಿಂತಲ್ಲೇ ಬೇರೆಯವನು ಬಂದು ಹೆಗಲು ಕೊಡಬೇಕು. ಮತ್ತೆ, ಕುಳಿತವರು ತಾಯಿಗೆ ಬೆನ್ನು ಮಾಡಬಾರದು, ಕೆಳಗಿನ ಕಡೆಗೇ ಮುಖ ಮಾಡಿರಬೇಕು. ಹಾಗಾಗಿ ಮುಂದೆ ಹೊರುವವನಿಗೆ ಕಾಣುವುದು ಬರೀ ಮೆಟ್ಟಿಲು. ಹಿಂದೆ ಹೊರುವವನೂ ಕುಳಿತವರೂ ಅಲ್ಲಿಂದ ತುದಿಯ ತನಕ ಮುಖಾಮುಖಿ.

ಅಪ್ಪ ಜೀವಮಾನವಿಡೀ ಈ ಡೋಲಿ ಹೊತ್ತವನು. ಊರವರನ್ನೆಲ್ಲ ದೇವರ ಬಾಗಿಲಿಗೆ ಮುಟ್ಟಿಸಿದ, ತಾನು ಮಾತ್ರ ಒಳಗೆ ಕಾಲಿಡಲಿಲ್ಲ. ಬೆವರಿದ ಮೈ, ಕೆಳಗೆ ಕಾಯುತ್ತಿರುವ ಮುಂದಿನ ಗಿರಾಕಿ. ದೇವರೆಲ್ಲಿ ಓಡಿಹೋಗುತ್ತಾನೆ, ನಾಳೆ ನೋಡಿದರಾಯಿತು ಎನ್ನುತ್ತಿದ್ದ. ನಾಳೆ ನಾಳೆ ಎನ್ನುತ್ತಲೇ ಮಂಡಿ ಹೋಯಿತು. ಈಗ ಡಾಕ್ಟರು ಹೊಟ್ಟೆಯೊಳಗಿನ ಗಡ್ಡೆ ನೋಡಿ, ಇಷ್ಟವಾದದ್ದು ಕೊಡಿ ಎಂದು ಮನೆಗೆ ಕಳಿಸಿದ್ದರು. ಅಪ್ಪನಿಗೆ ಇಷ್ಟವಾದದ್ದು ಒಂದೇ, ಆ ಜಗ್ಗಿದ ಹೆಗಲನ್ನು ಕಣ್ಣಾರೆ ನೋಡುವುದು. ಅದೂ ಸ್ವಂತ ಮಕ್ಕಳೇ ಹೊತ್ತುಕೊಂಡು ಹೋಗಬೇಕು, ಬೇರೆಯವರು ಡೋಲಿಗೆ ಕೈ ಹಚ್ಚಬಾರದು ಎಂಬ ಹಟ.

ನಮ್ಮಿಬ್ಬರಿಗೆ ಅಪ್ಪ ಇಟ್ಟ ಅಡ್ಡಹೆಸರು ಎತ್ತು ಮತ್ತು ಕೋಣ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂದು ನಗುತ್ತಿದ್ದ. ಎತ್ತು ಅಂದರೆ ಅಣ್ಣ. ಹತ್ತುವಾಗ ಭಾರವೆಲ್ಲ ಹಿಂದಿನವನಿಗೆ, ಅದಕ್ಕೇ ಹಿಂದೆ ಯಾವಾಗಲೂ ಅವನು. ಕೋಣನಾದ ನಾನು ಮುಂದೆ.

ಆ ಬೆಳಿಗ್ಗೆ ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನನ್ನನ್ನು ತಡೆದರು. ನಿಮ್ಮಣ್ಣ ಎಡಗೈ ನೋವು ಎಂದು ನಿದ್ದೆಯಿಲ್ಲದೆ ಹೊರಳಾಡಿದ್ದಾರೆ, ಮುಲಾಮು ತಿಕ್ಕಿದರೂ ಹೋಗಿಲ್ಲ, ಇವತ್ತು ಬೇಡ ಎಂದರು. ಅಣ್ಣನಿಗೆ ಹೇಳಿದೆ. ಅವನು ಡೋಲಿಯ ಬೊಂಬಿಗೆ ಬಟ್ಟೆ ಸುತ್ತುತ್ತಾ ನಕ್ಕ. ಹೊರುವವನಿಗೆ ಹೆಗಲು ಕೈ ನೋಯದೆ ಮೂಗು ನೋಯುತ್ತದೆಯೇ ಎಂದ. ಅಪ್ಪ ಆಗಲೇ ಒಗೆದ ಬಟ್ಟೆ ಹಾಕಿಕೊಂಡು, ಸೊಂಟಕ್ಕೆ ಪಟ್ಟಿ ಬಿಗಿದು ಡೋಲಿಯಲ್ಲಿ ಕುಳಿತಾಗಿತ್ತು. ಮದುವೆ ಗಂಡಿನ ಹಾಗೆ ಕುಳಿತಿದ್ದ.

ತಾಯಿಗಲ್ಲಿನವರೆಗೆ ಅಣ್ಣ ಹರಟುತ್ತಲೇ ಬಂದ. ಅಪ್ಪನ ಮಾಂಸವೆಲ್ಲ ಕರಗಿದೆ, ಇನ್ನು ತೂಗುತ್ತಿರುವುದು ಬರೀ ಹಟ ಎಂದು ರೇಗಿಸಿದ. ಅಲ್ಲಿ ಡೋಲಿ ಇಳಿಸಿ ನೀರು ಕುಡಿದು ಕಲ್ಲಿಗೆ ಕೈಮುಗಿದೆವು. ಮತ್ತೆ ಹೆಗಲು ಕೊಟ್ಟ ಮೇಲೆ ಹಿಂದಿನಿಂದ ಮಾತು ಬರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು, ಹಸಿ ಸೌದೆಯ ಒಲೆ ಊದಿದ ಹಾಗೆ. ಬೊಂಬು ನನ್ನ ಹೆಗಲ ಮೇಲೆ ನಡುಗತೊಡಗಿತು.

“ಅಣ್ಣಾ, ಆಗ್ತಿದ್ಯಾ? ಇಳಿಸೋಣ್ವಾ?”

“ನಡಿಯೋ.”

ಅಪ್ಪ ಏನಾದರೂ ಹೇಳುತ್ತಾನೆ ಎಂದು ಕಾದೆ. ಅವನು ಹೇಳಿದ್ದರೆ ಅಣ್ಣ ಕೇಳುತ್ತಿದ್ದ, ಇನ್ಯಾರ ಮಾತನ್ನೂ ಕೇಳುವ ಪೈಕಿಯಲ್ಲ. ಬೊಂಬಿನ ನಡುಕದಲ್ಲೇ ಹೊತ್ತವನ ಎದೆಯ ಸ್ಥಿತಿ ತಿಳಿಯುವ ಮನುಷ್ಯ ಅಪ್ಪ. ಅಣ್ಣನ ಮುಖ ಅವನ ಕಣ್ಣೆದುರಿಗೇ ಇತ್ತು. ಅಪ್ಪ ಒಮ್ಮೆ ಕೆಮ್ಮಿದ, ಅಷ್ಟೆ.

ತುದಿ ಮುಟ್ಟಿದೆವು. ಗುಡಿಯಂಗಳದಲ್ಲಿ ಡೋಲಿಯ ನಾಲ್ಕು ಕಾಲೂ ಒಟ್ಟಿಗೆ ನೆಲಕ್ಕೆ ತಾಗಿದವು, ಕುಳಿತವರಿಗೆ ಒಂದಿಷ್ಟೂ ಕುಲುಕಲಿಲ್ಲ. ಹಾಗೆ ಇಳಿಸುವುದನ್ನು ಅಪ್ಪನೇ ಕಲಿಸಿದ್ದು. ತಿರುಗಿ ನೋಡಿದರೆ ಅಣ್ಣನ ತುಟಿ ನೀಲಿಗಟ್ಟಿತ್ತು. ಗೋಡೆಗೆ ಒರಗಿದವನು ಹಾಗೇ ಕೆಳಕ್ಕೆ ಜಾರಿದ. ನೀರು ತಂದು ಬಾಯಿಗೆ ಬಿಟ್ಟೆ. ಬಿಟ್ಟ ನೀರೆಲ್ಲ ಕಟಬಾಯಿಂದ ಇಳಿದು ಅಂಗಿ ನೆನೆಯಿತು.

ಅಂಗಳದಲ್ಲಿ ಸಾವಾಯಿತೆಂದು ಅರ್ಚಕರು ಗರ್ಭಗುಡಿಯ ಬಾಗಿಲು ಹಾಕಿಸಿದರು. ಹೆಣ ಕೆಳಗಿಳಿದು ಶುದ್ಧಿಯಾಗುವ ತನಕ ಯಾರಿಗೂ ದರ್ಶನವಿಲ್ಲ. ಅಪ್ಪ ನೋಡುತ್ತಿದ್ದಂತೆಯೇ ಚಿಲಕ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ನನಗೆ ಒಂದಿಷ್ಟೂ ಅಯ್ಯೋ ಅನ್ನಿಸಲಿಲ್ಲ. ಅಪ್ಪನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ಡೋಲಿಯಲ್ಲಿ ಅಣ್ಣನನ್ನು ಕೂರಿಸಿ, ಅಪ್ಪನ ಸೊಂಟದಿಂದ ಬಿಚ್ಚಿದ ಪಟ್ಟಿಯನ್ನೇ ಅವನಿಗೆ ಕಟ್ಟಿದೆವು. ಮೇಲಿದ್ದ ಹೊರುವವರಲ್ಲಿ ಒಬ್ಬ ಹಿಂದೆ ಹೆಗಲು ಕೊಟ್ಟ. ಅಪ್ಪನಿಗೆ ಬೇರೆ ಡೋಲಿ ತಂದರು, ಅವನು ಹತ್ತಲಿಲ್ಲ. ಕುಂಡೆಯೂರಿ, ಒಂದೊಂದೇ ಮೆಟ್ಟಿಲು ಜಾರುತ್ತಾ ಇಳಿದ. ಯಾರ ಕೈಯನ್ನೂ ಹಿಡಿಯಲಿಲ್ಲ. ತಾಯಿಗಲ್ಲಿನ ಹತ್ತಿರ ಡೋಲಿ ಇಳಿಸಿ ಬಹಳ ಹೊತ್ತು ಕಾದೆವು. ಬಂದಾಗ ಅವನ ಅಂಗೈ ಎರಡೂ ಸುಲಿದಿದ್ದವು. ಕಲ್ಲಿಗೆ ಒರಗಿ ಕುಳಿತು, ಅಣ್ಣನ ಕಡೆ ನೋಡದೆ ನನಗೆ ಹೇಳಿದ.

“ಆ ಕಥೆ ತಪ್ಪು ಕಣೋ. ಅವಳನ್ನ ಯಾರೂ ಇಳಿಸ್ಲಿಲ್ಲ. ಮಗನ ಉಸಿರು ಕೇಳಿಸ್ಕೊಂಡ್ಲು, ಅವಳೇ ಇಳಿದ್ಬಿಟ್ಲು. ಅದಕ್ಕೇ ಅವಳು ದೇವರು.” ಸುಲಿದ ಅಂಗೈಯನ್ನು ಕಲ್ಲಿಗೆ ಊರಿ, “ನಾನೂ ಕೇಳಿಸ್ಕೊಂಡೆ. ಮುಖಾನೂ ನೋಡ್ದೆ. ಇನ್ನೊಂದೇ ತಿರುವು ತಾನೆ ಅಂದ್ಕೊಂಡೆ,” ಎಂದ.

ಕೆಳಗೆ ಅತ್ತಿಗೆ ಗಂಡನ ಕೈಗೆ ಶಾಖ ಕೊಡಲು ಬಿಸಿನೀರು ಕಾಯಿಸಿಟ್ಟುಕೊಂಡಿರುತ್ತಾರೆ, ಅವರ ಮುಂದೆ ಹೇಗೆ ನಿಲ್ಲಲಿ ಎಂಬುದೇ ನನ್ನ ತಲೆಯಲ್ಲಿತ್ತು. ಇಳಿಯುವಾಗ ಭಾರವೆಲ್ಲ ಮುಂದಿನವನಿಗೆ. ಮುಂದೆ ನಾನು ಹೆಗಲು ಕೊಟ್ಟೆ. ಏಳಪ್ಪ ಎಂದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಅಪ್ಪ ಏಳಲೂ ಇಲ್ಲ.